ಬಿಸಿಯಾದರೆ ನಿಲ್ಲುವ ಕಾರು: ಇಸಿಎಂ ಬದಲಿಸುವ ಮುಂಚೆ ಇಷ್ಟು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಗ್ನಿಷನ್‌ಗೆ ಸಂಬಂಧಪಟ್ಟವು. ಇಗ್ನಿಷನ್ ಅಂದರೆ ಎಂಜಿನ್ ಒಳಗೆ ಕಿಡಿ ಹೊತ್ತಿಸುವ ವ್ಯವಸ್ಥೆ. ಇಸಿಎಂ ಅಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಎಂಜಿನ್ ನಡೆಸುವ ಕಂಪ್ಯೂಟರ್. ಹಾಗಾಗಿ ಈ ಕಂತನ್ನು ಪೂರ್ತಿ ಇಗ್ನಿಷನ್‌ಗೇ ಇಟ್ಟಿದ್ದೇನೆ. ಮೊದಲ ಉತ್ತರ ಸ್ವಲ್ಪ ಉದ್ದವಿದೆ. ಮುಂದಿನವು ಅರ್ಥವಾಗಬೇಕಾದರೆ ಅದನ್ನು ಓದಿಕೊಳ್ಳಿ.

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದ ಹಾಗೆ ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಫ್ಯುಯೆಲ್ ಪಂಪ್ ಬದಲಿಸಿ ಆಯ್ತು. ಈಗ ಗ್ಯಾರೇಜಿನವರು ಇಸಿಎಂ ಹೋಗಿದೆ ಅನ್ನುತ್ತಿದ್ದಾರೆ. ಸ್ಪಾರ್ಕ್‌ಗೂ ಇಸಿಎಂಗೂ ಏನು ಸಂಬಂಧ? ಅದು ಅಷ್ಟು ಸುಲಭವಾಗಿ ಹೋಗುತ್ತಾ?
— ಓದುಗರು, ಸಕಲೇಶಪುರ

ಉತ್ತರ: ದಯವಿಟ್ಟು ಇಸಿಎಂಗೆ ಈಗಲೇ ದುಡ್ಡು ಕೊಡಬೇಡಿ. ನೀವು ಬರೆದಿರುವ ಲಕ್ಷಣ ಓದಿದರೆ ನನಗೆ ಮೊದಲು ಅನುಮಾನ ಬರುವುದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಏಕೆ ಅಂತ ಹೇಳುತ್ತೇನೆ.

ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯನ್ನು, ಅದೂ ಒತ್ತಡದಲ್ಲಿರುವ ಗಾಳಿ-ಪೆಟ್ರೋಲ್ ನಡುವೆ, ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟ್ ಬೇಕು. ಈ ಕೆಲಸ ಮಾಡುವುದು ಇಗ್ನಿಷನ್ ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಬೇರೆ ಬೇರೆ ತಂತಿ ಸುತ್ತಿರುತ್ತಾರೆ. ಒಂದು ದಪ್ಪ ತಂತಿ, ಸುತ್ತು ಕಡಿಮೆ. ಇನ್ನೊಂದು ಕೂದಲಿನಷ್ಟು ಸಣ್ಣ ತಂತಿ, ಸುತ್ತು ಸುಮಾರು ನೂರು ಪಟ್ಟು ಜಾಸ್ತಿ. ದಪ್ಪ ತಂತಿಯಲ್ಲಿ ಕರೆಂಟ್ ಹರಿದಾಗ ಅಯಸ್ಕಾಂತ ಶಕ್ತಿ ತುಂಬಿಕೊಳ್ಳುತ್ತದೆ. ಆ ಕರೆಂಟನ್ನು ಗಕ್ಕನೆ ಕತ್ತರಿಸಿದ ಕ್ಷಣದಲ್ಲೇ ಕಿಡಿ ಹುಟ್ಟುವುದು. ಜೋರಾಗಿ ಹರಿಯುತ್ತಿರುವ ನಲ್ಲಿಯನ್ನು ದಿಢೀರನೆ ಮುಚ್ಚಿದರೆ ಪೈಪು ದಡ್ ಅನ್ನುತ್ತದಲ್ವಾ, ಅದೇ ರೀತಿ. ಕತ್ತರಿಸಿದ ತಕ್ಷಣ ದಪ್ಪ ತಂತಿಯಲ್ಲೇ 300-400 ವೋಲ್ಟ್ ಏಳುತ್ತದೆ, ಸಣ್ಣ ತಂತಿಯಲ್ಲಿ ಅದು 30,000 ವೋಲ್ಟ್ ದಾಟಬಲ್ಲದು.

ಈ ಕರೆಂಟನ್ನು ಯಾವಾಗ ಬಿಡಬೇಕು, ಯಾವಾಗ ಕತ್ತರಿಸಬೇಕು ಎಂದು ತೀರ್ಮಾನಿಸುವುದು ಇಸಿಎಂ. ಕತ್ತರಿಸುವ ಕ್ಷಣವೇ ಟೈಮಿಂಗ್. ಅದಕ್ಕೂ ಮುಂಚೆ ಕಾಯಿಲ್ ತುಂಬಲು ಎಷ್ಟು ಹೊತ್ತು ಬಿಡುತ್ತದೋ ಅದಕ್ಕೆ ಡ್ವೆಲ್ ಅಂತಾರೆ, ಸಾಮಾನ್ಯವಾಗಿ 3 ಮಿಲಿಸೆಕೆಂಡ್ ಆಸುಪಾಸು. ಕಡಿಮೆ ಬಿಟ್ಟರೆ ಕಿಡಿ ಸಪ್ಪೆ. ಜಾಸ್ತಿ ಬಿಟ್ಟರೆ ಕಾಯಿಲ್ ಕಾದು ಸುಡುತ್ತದೆ. ಬ್ಯಾಟರಿ ಇಳಿದು 10 ವೋಲ್ಟ್‌ಗೆ ಬಂದಿದ್ದರೆ ಇಸಿಎಂ ಅದನ್ನು ನೋಡಿಕೊಂಡು ಡ್ವೆಲ್ ಹೆಚ್ಚಿಸುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 3,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,000 ಸುತ್ತು) ಓಡುವಾಗ ಸೆಕೆಂಡಿಗೆ 100 ಕಿಡಿ ಬೇಕು, ಪ್ರತಿಯೊಂದಕ್ಕೂ ಈ ಲೆಕ್ಕ ಹೊಸದಾಗಿ ನಡೆಯುತ್ತದೆ.

ಇಷ್ಟೆಲ್ಲ ಮಾಡುವ ಇಸಿಎಂಗೆ ಪಿಸ್ಟನ್ ಕಾಣಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಸೆನ್ಸರ್‌ಗಳು ಕಳಿಸುವ ಸಿಗ್ನಲ್ ಮಾತ್ರ. ಅದರಲ್ಲಿ ಮುಖ್ಯವಾದದ್ದು ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುತ್ತಿದೆ ಎಂದು ಹೇಳುವುದೇ ಅದು. ಅದರ ಸಿಗ್ನಲ್ ನಿಂತರೆ ಇಸಿಎಂ ಪಾಲಿಗೆ ಎಂಜಿನ್ ನಿಂತ ಹಾಗೆ. ಸ್ಪಾರ್ಕ್ ಕೊಡಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯಲ್ಲ, ಫ್ಯುಯೆಲ್ ಪಂಪಿನ ರಿಲೇಯನ್ನೂ ಆಫ್ ಮಾಡುತ್ತದೆ. ನಿಮ್ಮ ಫ್ಯುಯೆಲ್ ಪಂಪ್ ಸುಮ್ನೆ ಬದಲಾಗಿದ್ದು ಇದೇ ಕಾರಣಕ್ಕೆ ಇರಬಹುದು: ಗಾಡಿ ನಿಂತಾಗ ಪೆಟ್ರೋಲ್ ಬರುತ್ತಿಲ್ಲ ಎಂದು ನೋಡಿದ್ದಾರೆ, ಪಂಪನ್ನು ನಿಲ್ಲಿಸಿದ್ದು ಯಾರು ಎಂದು ನೋಡಿಲ್ಲ.

ಈ ಸೆನ್ಸರ್ ಎಂಜಿನ್ ಬ್ಲಾಕಿಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಬಿಸಿ ಜಾಸ್ತಿ. ವರ್ಷ ಕಳೆದಂತೆ ಒಳಗಿನ ಸಣ್ಣ ತಾಮ್ರದ ತಂತಿ ಎಲ್ಲೋ ಒಂದು ಕಡೆ ಕಡಿದಿರುತ್ತದೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಕಾದು ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಘಾಟಿಯಲ್ಲಿ ನಿಲ್ಲುವುದು, ಅರ್ಧ ಗಂಟೆಯಲ್ಲಿ ಸರಿಹೋಗುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷೆ ಹೀಗೆ. ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮುಂಚೆ, ಸ್ಕ್ಯಾನರ್ (ಇಸಿಎಂ ಮಾಹಿತಿ ಓದುವ ಉಪಕರಣ) ಹಾಕಿ ಲೈವ್ ಡೇಟಾದಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಅಲ್ಲಿ 0 ಅಂತಲೇ ತೋರಿಸಿದರೆ ದೋಷ ಕ್ರ್ಯಾಂಕ್ ಸೆನ್ಸರ್‌ನಲ್ಲಿ, ಇಲ್ಲವೇ ಅದರ ವೈರಿಂಗ್‌ನಲ್ಲಿ. 200ರಿಂದ 300ರ ಹತ್ತಿರ ಏನಾದರೂ ತೋರಿಸಿದರೆ ಸೆನ್ಸರ್ ಬದುಕಿದೆ, ಬೇರೆ ಕಡೆ ಹುಡುಕಬೇಕು. ಸ್ಕ್ಯಾನರ್ ಕೈಯಲ್ಲಿಲ್ಲದಿದ್ದರೆ ಮೀಟರ್‌ನ ಆರ್‌ಪಿಎಂ ಮುಳ್ಳು ನೋಡಿ. ಆದರೆ ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಅದು ಏಳುವುದೇ ಇಲ್ಲ, ಹಾಗಾಗಿ ಮೊದಲು ಗಾಡಿ ಸರಿಯಿರುವಾಗ ಒಮ್ಮೆ ನೋಡಿಟ್ಟುಕೊಳ್ಳಿ. ಗ್ಯಾರೇಜಿನಲ್ಲಾದರೆ ಸೆನ್ಸರ್ ಬಿಚ್ಚಿ, ಮಲ್ಟಿಮೀಟರ್ ಹಚ್ಚಿ ಓಮ್ (ವಿದ್ಯುತ್ ತಡೆ) ನೋಡುತ್ತಾ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಲು ಹೇಳಿ. ಎರಡು ವೈರಿನ ಸೆನ್ಸರ್ ಆಗಿದ್ದರೆ ಬಿಸಿಯಾಗುತ್ತಿದ್ದಂತೆ ರೀಡಿಂಗ್ ಹಾರಿಹೋಗುವುದು ಕಾಣಿಸುತ್ತದೆ. ಮೂರು ವೈರಿನದ್ದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಅಯಸ್ಕಾಂತವನ್ನು ಗುರುತಿಸುವ ಎಲೆಕ್ಟ್ರಾನಿಕ್ ಸೆನ್ಸರ್), ಅದನ್ನು ಹೀಗೆ ಓಮ್ ಲೆಕ್ಕದಲ್ಲಿ ಅಳೆಯಬೇಡಿ.

ಇಸಿಎಂ ಹೋಗುವುದೇ ಇಲ್ಲ ಎಂದಲ್ಲ. ನೀರು ಹೊಕ್ಕರೆ, ಬೇರೆ ಬ್ಯಾಟರಿಯಿಂದ ಜಂಪ್ ಮಾಡುವಾಗ ಪ್ಲಸ್-ಮೈನಸ್ ಅದಲುಬದಲಾದರೆ, ಬ್ಯಾಟರಿ ವೈರ್ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಹೋಗುತ್ತದೆ. ಆದರೆ ಬಿಸಿಗೆ ನಿಂತು ತಣ್ಣಗಾದ ಮೇಲೆ ಓಡುವ ಗಾಡಿಯಲ್ಲಿ ಮೊದಲ ಅನುಮಾನ ಅದರ ಮೇಲೆ ಬೇಡ. ಫ್ಯೂಸ್, ಮೇನ್ ರಿಲೇ, ಅರ್ಥಿಂಗ್, ಕನೆಕ್ಟರ್ ಪಿನ್ನಿನ ಹಸಿರು ಕಿಲುಬು, ಸೆನ್ಸರ್‌ಗೆ ಹೋಗುವ 5 ವೋಲ್ಟ್, ಇದೆಲ್ಲ ನೋಡಿ ಮುಗಿದ ಮೇಲೆ ಅದರ ಸರದಿ. ಹೊಸ ಇಸಿಎಂ ಹಾಕಿದರೆ ಕೀಯನ್ನೂ ಅದಕ್ಕೆ ಹೊಂದಿಸಬೇಕು, ಬೇರೆ ಕೀಗೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇರುತ್ತದಲ್ವಾ.

ಇನ್ನೊಂದು ಮಾತು, ಇದು ನಿಜಕ್ಕೂ ಮುಖ್ಯ. ದೋಷ ಸಿಗುವವರೆಗೆ ಈ ಕಾರನ್ನು ಘಾಟಿಗೆ ತರಬೇಡಿ. ಎಂಜಿನ್ ನಿಂತ ಮೇಲೆ ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲ ತುಳಿಯುವಷ್ಟು ಮಾತ್ರ ಬಲ ಉಳಿದಿರುತ್ತದೆ. ಶಿರಾಡಿಯ ತಿರುವಿನಲ್ಲಿ ಹಿಂದಿನಿಂದ ಟ್ಯಾಂಕರ್ ಬರುತ್ತಿರುವಾಗ ಆ ಸ್ಥಿತಿ ಯಾರಿಗೂ ಬೇಡ.

ಪ್ರಶ್ನೆ: ನಾನು ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿ. ಯಾವ ಸಿಲಿಂಡರ್ ಎಲ್ಲಿದೆ ಎಂದು ಇಸಿಎಂಗೆ ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಾಗುತ್ತದೆ? ಒಂದೇ ಕಾಯಿಲ್ ಎರಡು ಪ್ಲಗ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ ಎಂದು ಓದಿದೆ, ಅದು ವೇಸ್ಟ್ ಅಲ್ವಾ?
— ವಿದ್ಯಾರ್ಥಿ, ತುಮಕೂರು

ಉತ್ತರ: ಒಳ್ಳೆಯ ಪ್ರಶ್ನೆ. ಕ್ರ್ಯಾಂಕ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ತುಂಬಾ ಎಂಜಿನ್‌ಗಳಲ್ಲಿ ಅದರಲ್ಲಿ 60 ಹಲ್ಲಿಗೆ ಜಾಗ, ಆದರೆ ಇರುವುದು 58. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಸೆನ್ಸರ್ ಮುಂದೆ ಆ ಖಾಲಿ ಜಾಗ ಹಾದುಹೋದಾಗ ಸಿಗ್ನಲ್‌ನಲ್ಲಿ ಅಂತರ ಬೀಳುತ್ತದೆ, ಅಲ್ಲಿಂದ ಇಸಿಎಂ ಹಲ್ಲು ಎಣಿಸಲು ಶುರುಮಾಡುತ್ತದೆ. ಎರಡು ಹಲ್ಲಿನ ನಡುವಿನ ಡಿಗ್ರಿಗಳನ್ನು ಸಮಯ ಅಳೆದು ಭಾಗ ಮಾಡಿಕೊಳ್ಳುತ್ತದೆ.

ಆದರೆ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಸಿಲಿಂಡರಿನ ನಾಲ್ಕೂ ಹಂತದ ಕೆಲಸ ಮುಗಿಯಲು ಕ್ರ್ಯಾಂಕ್ ಎರಡು ಸಲ ತಿರುಗಬೇಕು, ಅಂದರೆ 720 ಡಿಗ್ರಿ. 1 ಮತ್ತು 4ನೇ ಪಿಸ್ಟನ್ ಎರಡೂ ಒಟ್ಟಿಗೆ ಮೇಲೆ ಬರುತ್ತವೆ, ಒಂದು ಕಂಪ್ರೆಷನ್‌ನಲ್ಲಿ (ಗಾಳಿ-ಪೆಟ್ರೋಲ್ ಒತ್ತುವ ಹಂತ), ಇನ್ನೊಂದು ಎಕ್ಸಾಸ್ಟ್‌ನಲ್ಲಿ (ಹೊಗೆ ಹೊರಗೆ ತಳ್ಳುವ ಹಂತ). ಕ್ರ್ಯಾಂಕ್ ಸೆನ್ಸರ್‌ಗೆ ಈ ವ್ಯತ್ಯಾಸ ತಿಳಿಯದು. ಅದಕ್ಕೇ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ, ವಾಲ್ವ್ ತೆರೆಯುವ ಶಾಫ್ಟ್ ಆದ ಕ್ಯಾಮ್‌ಗೆ ಇನ್ನೊಂದು ಸೆನ್ಸರ್.

ನೀವು ಓದಿದ ಪದ್ಧತಿಯಲ್ಲಿ 1-4ಕ್ಕೆ ಒಂದು ಕಾಯಿಲ್, 2-3ಕ್ಕೆ ಒಂದು. ಎಕ್ಸಾಸ್ಟ್‌ನಲ್ಲಿರುವ ಸಿಲಿಂಡರ್‌ನಲ್ಲಿ ಬಿದ್ದ ಕಿಡಿಗೆ ಕೆಲಸವಿಲ್ಲ, ನಿಜ. ಆದರೆ ಅಲ್ಲಿ ಒತ್ತಡ ಕಡಿಮೆ ಇರುವುದರಿಂದ ಸ್ವಲ್ಪ ವೋಲ್ಟೇಜಿಗೇ ಕಿಡಿ ದಾಟಿಬಿಡುತ್ತದೆ, ಹೆಚ್ಚಿನ ಪಾಲು ಬೇಕಾದ ಪ್ಲಗ್‌ಗೇ ಸಿಗುತ್ತದೆ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುತ್ತಿದ್ದ ಡಿಸ್ಟ್ರಿಬ್ಯೂಟರ್ ಎಂಬ ಸವೆಯುವ ಸಾಮಾನು ಪೂರ್ತಿ ಹೋಯಿತಲ್ಲ, ಅದೇ ದೊಡ್ಡ ಲಾಭ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ.

ಪ್ರಶ್ನೆ: ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಪಾಯಿಂಟ್ ಸೆಟ್ ಮಾಡುವ ಮೆಕ್ಯಾನಿಕ್‌ಗಳು ಈಗ ಸಿಗುತ್ತಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದಾ?
— ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಹಾಕಿಸಬಹುದು. ಹಾಕಿಸುವ ಮುಂಚೆ ಏನು ಬದಲಾಗುತ್ತದೆ, ಏನು ಬದಲಾಗಲ್ಲ ಅನ್ನುವುದು ಗೊತ್ತಿರಲಿ.

ಕಾಯಿಲ್‌ನ ಕರೆಂಟನ್ನು ಪಾಯಿಂಟ್‌ನಿಂದ (ತೆರೆದು ಮುಚ್ಚುವ ಸಣ್ಣ ಲೋಹದ ಸ್ವಿಚ್) ಕತ್ತರಿಸುವ ಪದ್ಧತಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದ್ದು, 1910ರ ಸುಮಾರಿಗೆ ಕ್ಯಾಡಿಲ್ಯಾಕ್ ಕಾರಿಗಾಗಿ ಮಾಡಿದ್ದು. ನಿಮ್ಮ ಪದ್ಮಿನಿಯಲ್ಲಿರುವುದೂ ಅದೇ ತತ್ವ. ಅರ್ಧ ಮಿಲಿಮೀಟರ್‌ಗೂ ಕಡಿಮೆ ಸಂದಿಯ ಆ ಪಾಯಿಂಟ್ ಪ್ರತಿ ಕಿಡಿಗೂ ಒಮ್ಮೆ ತೆರೆದು ಮುಚ್ಚುತ್ತದೆ. ಪ್ರತಿ ಸಲ ಚೂರು ಸುಡುತ್ತದೆ, ತಿರುಗುವ ಶಾಫ್ಟಿಗೆ ಉಜ್ಜುವ ಅದರ ಹಿಮ್ಮಡಿ ಸವೆಯುತ್ತದೆ, ಸಂದಿ ಬದಲಾಗುತ್ತದೆ, ಸಂದಿಯ ಜೊತೆ ಟೈಮಿಂಗೂ ಜಾರುತ್ತದೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೆಟ್ಟರಂತೂ ಪಾಯಿಂಟ್ ಬೇಗ ಕಪ್ಪಾಗಿ ಹೋಗುತ್ತದೆ. ಅಮೆರಿಕದಲ್ಲಿ ಕ್ರೈಸ್ಲರ್ 1973ರ ಮಾಡೆಲ್‌ಗಳಿಂದ ಪಾಯಿಂಟ್ ಬಿಟ್ಟು ಟ್ರಾನ್ಸಿಸ್ಟರ್‌ಗೆ ಹೋಯಿತು. ನಮ್ಮಲ್ಲಿ ಪದ್ಮಿನಿ, ಅಂಬಾಸಿಡರ್‌ಗಳು ಅದಾದ ಮೇಲೂ ಬಹಳ ವರ್ಷ ಪಾಯಿಂಟ್ ಮೇಲೆಯೇ ಓಡಿದವು.

ಈಗ ಸಿಗುವ ಕಿಟ್ ಡಿಸ್ಟ್ರಿಬ್ಯೂಟರ್ ಒಳಗೇ ಕೂರುತ್ತದೆ. ಪಾಯಿಂಟ್ ಜಾಗದಲ್ಲಿ ಒಂದು ಹಾಲ್ ಸೆನ್ಸರ್, ಶಾಫ್ಟಿಗೆ ಅಯಸ್ಕಾಂತದ ಉಂಗುರ, ಅಷ್ಟೇ. ಸವೆಯುವ ಭಾಗ ಇಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟಿಂಗ್ ಎಷ್ಟೋ ಸುಲಭವಾಗುತ್ತದೆ.

ಆದರೆ ಇದು ಇಸಿಎಂ ಅಲ್ಲ. ಕಿಡಿಯನ್ನು ಎಷ್ಟು ಮುಂಚೆ ಕೊಡಬೇಕು ಎಂಬುದನ್ನು ನಿಮ್ಮ ಗಾಡಿಯಲ್ಲಿ ಆಮೇಲೂ ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗು-ತೂಕಗಳೇ ನಿರ್ಧರಿಸುತ್ತವೆ. ಪೆಟ್ರೋಲ್ ಹೊತ್ತಿ ಉರಿಯಲು ಒಂದಷ್ಟು ಸಮಯ ಬೇಕು, ಲೆಕ್ಕಕ್ಕೆ 2 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. 1,000 ಆರ್‌ಪಿಎಂನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ 12 ಡಿಗ್ರಿ ತಿರುಗುತ್ತದೆ, 3,000ದಲ್ಲಿ 36 ಡಿಗ್ರಿ. ಹಾಗಾಗಿ ವೇಗ ಏರಿದಂತೆ ಪಿಸ್ಟನ್ ಮೇಲೆ ಬರುವುದಕ್ಕೆ ಇನ್ನೂ ಮುಂಚೆಯೇ ಕಿಡಿ ಬೀಳಬೇಕು, ಇದಕ್ಕೇ ಅಡ್ವಾನ್ಸ್ ಅನ್ನುವುದು. ತೂಕಗಳು ಹೊರಗೆ ಸರಿಯುತ್ತಾ ಈ ಕೆಲಸ ಮಾಡುತ್ತವೆ, ಆದರೆ ಒಂದೇ ಗೆರೆಯಲ್ಲಿ. ಎಂಜಿನ್ ಎಷ್ಟು ಬಿಸಿ ಇದೆ, ಗಾಳಿ ಎಷ್ಟು ಬಿಸಿ ಇದೆ ಎಂಬುದು ಅವಕ್ಕೆ ತಿಳಿಯದು. ಕಂಪ್ಯೂಟರ್‌ನಿಂದ ಅಡ್ವಾನ್ಸ್ ಲೆಕ್ಕ ಹಾಕುವ ಕೆಲಸ ಕಾರುಗಳಿಗೆ ಬಂದಿದ್ದು 1970ರ ದಶಕದ ಕೊನೆಗೆ. 1979ರಲ್ಲಿ ಬಾಷ್ ಕಂಪನಿಯ ಮೋಟ್ರಾನಿಕ್ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಪೆಟ್ರೋಲ್ ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಪೆಟ್ಟಿಗೆಗೆ ತಂದಿತು. ಬೆಂಗಳೂರಿನ ಆಡುಗೋಡಿಯಲ್ಲಿ ನಮಗೆಲ್ಲ ಗೊತ್ತಿದ್ದ ಮೈಕೊ ಕೂಡ ಇದೇ ಬಾಷ್ ಬಳಗದ್ದು, ನಿಮ್ಮ ತಂದೆ ಬಹುಶಃ ಮೈಕೊ ಪ್ಲಗ್ಗನ್ನೇ ಹಾಕಿಸುತ್ತಿದ್ದರು.

ಕಿಟ್ ಹಾಕಿಸುವಾಗ ಶಾಫ್ಟಿನ ಬುಷ್ ಅಲ್ಲಾಡುತ್ತಿದೆಯೇ ನೋಡಿಸಿ, ಅಲ್ಲಾಡಿದರೆ ಯಾವ ಕಿಟ್ ಹಾಕಿದರೂ ಟೈಮಿಂಗ್ ನಿಲ್ಲಲ್ಲ. ಕಿಟ್‌ಗೆ ಹೊಂದುವ ಓಮ್‌ನ ಕಾಯಿಲ್ ಹಾಕಿಸಿ. ಹಾಕಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡಿಸಿ, ಕಿವಿಯ ಅಂದಾಜು ಬೇಡ. ಹಳೆಯ ಪಾಯಿಂಟ್, ಕಂಡೆನ್ಸರ್ ಎಸೆಯದೆ ಡಿಕ್ಕಿಯಲ್ಲಿ ಇಟ್ಟಿರಿ. ಕಿಟ್ ದಾರಿಯಲ್ಲಿ ಕೈಕೊಟ್ಟರೆ ಅವೇ ಮನೆ ಮುಟ್ಟಿಸುತ್ತವೆ.

ಪ್ರಶ್ನೆ: ಡೀಸೆಲ್ ಕಾರಿನಲ್ಲೂ ಪ್ಲಗ್ ಇದೆ ಅಂತಾರೆ. ಹಾಗಾದರೆ ಅದಕ್ಕೂ ಇಗ್ನಿಷನ್ ಕಾಯಿಲ್ ಇರುತ್ತಾ?
— ಓದುಗರು, ರಾಯಚೂರು

ಉತ್ತರ: ಇಲ್ಲ. ಅದು ಹೀಟರ್ ಪ್ಲಗ್, ಮುಖ್ಯವಾಗಿ ಚಳಿಯಲ್ಲಿ ಸ್ಟಾರ್ಟ್ ಆಗಲು ಬಿಸಿ ಕೊಡುತ್ತದೆ. ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಗೆ. ಅಲ್ಲಿ ಇಸಿಎಂ ಕಿಡಿಯ ಬದಲು ಡೀಸೆಲ್ ಚಿಮ್ಮಿಸುವ ಕ್ಷಣವನ್ನು ನಿಯಂತ್ರಿಸುತ್ತದೆ.

ಪ್ರಶ್ನೆ: ಫ್ಲೈಓವರ್ ಹತ್ತುವಾಗ ಎಂಜಿನ್‌ನಿಂದ ಟಣಟಣ ಶಬ್ದ ಬರುತ್ತದೆ. 100 ಆಕ್ಟೇನ್ ಪೆಟ್ರೋಲ್ ಹಾಕಿಸಿ, ಪಿಕಪ್ಪೂ ಜಾಸ್ತಿ ಆಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಹೌದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಶಬ್ದ ನಾಕಿಂಗ್ ಇರಬಹುದು. ಕಿಡಿಯಿಂದ ಶುರುವಾದ ಬೆಂಕಿ ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಬಿಸಿ, ಒತ್ತಡಕ್ಕೆ ತಾನೇ ಸಿಡಿಯುವುದು. ಈಗಿನ ಎಂಜಿನ್ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಬಿಗಿದಿರುತ್ತಾರೆ. ಆ ಸಿಡಿತದ ಕಂಪನವನ್ನು ಅದು ವೋಲ್ಟೇಜ್ ಮಾಡಿ ಕಳಿಸುತ್ತದೆ, ಇಸಿಎಂ ತಕ್ಷಣ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದು ನೋಡುತ್ತದೆ. ತಡಮಾಡಿದಷ್ಟು ಹೊತ್ತು ಪಿಕಪ್ ಮತ್ತು ಮೈಲೇಜ್ ಎರಡೂ ಇಳಿದಿರುತ್ತವೆ.

ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲ್ ನಾಕಿಂಗನ್ನು ತಡೆದುಕೊಳ್ಳುತ್ತದೆ, ಅದರಲ್ಲಿ ಶಕ್ತಿಯೇನೂ ಹೆಚ್ಚಿಗೆ ತುಂಬಿಲ್ಲ. ನಿಮ್ಮ ಕಾರಿನ ಮ್ಯಾಪ್ (ಕಿಡಿ ಯಾವಾಗ ಬೀಳಬೇಕೆಂದು ಇಸಿಎಂನಲ್ಲಿ ಬರೆದಿಟ್ಟ ಪಟ್ಟಿ) ಎಷ್ಟು ಅಡ್ವಾನ್ಸ್‌ಗೆ ಒಪ್ಪಿದೆಯೋ ಅಲ್ಲಿಗೆ ಮುಟ್ಟಿದ ಮೇಲೆ ಇಸಿಎಂ ಮುಂದಕ್ಕೆ ಹೋಗಲ್ಲ. ಸಾಧಾರಣ ಪೆಟ್ರೋಲ್‌ಗೇ ಮಾಡಿದ ಸಣ್ಣ ಎಂಜಿನ್‌ಗೆ 100 ಆಕ್ಟೇನ್ ಹಾಕಿಸುವುದು ದುಡ್ಡು ಕಳೆದ ಹಾಗೆ. ಟರ್ಬೊ ಎಂಜಿನ್ ಆಗಿದ್ದು ಮ್ಯಾನ್ಯುಯಲ್‌ನಲ್ಲಿ ಹೆಚ್ಚಿನ ಆಕ್ಟೇನ್ ಕೇಳಿದ್ದರೆ ಮಾತು ಬೇರೆ.

ಮೊದಲು ನಿಮ್ಮ ಗೇರ್ ನೋಡಿಕೊಳ್ಳಿ. ನಾಲ್ಕನೇ ಗೇರಿನಲ್ಲೇ ಏರು ಹತ್ತಿಸುತ್ತಿದ್ದರೆ ಮೂರಕ್ಕೆ ಇಳಿಸಿ. ಅಷ್ಟಕ್ಕೇ ಶಬ್ದ ನಿಂತರೆ ಖರ್ಚೇ ಇಲ್ಲ. ನಿಲ್ಲದಿದ್ದರೆ ಕೂಲಂಟ್, ಪ್ಲಗ್ಗಿನ ನಂಬರ್ ಸರಿಯಿದೆಯೇ, ಒಳಗೆ ಕಾರ್ಬನ್ ಕಟ್ಟಿದೆಯೇ ನೋಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಚೆಕ್ ಎಂಜಿನ್ ಲೈಟ್ ಮಿನುಗುತ್ತದೆ. ಸ್ವಲ್ಪ ಓಡಿಸಿದರೆ ಸರಿಹೋಗುತ್ತದೆ. ಹಾಗೇ ಓಡಿಸಬಹುದಾ?
— ಓದುಗರು, ಮಡಿಕೇರಿ

ಉತ್ತರ: ಬೇಡ. ಆ ಲೈಟ್ ಸುಮ್ಮನೆ ಹೊತ್ತಿರುವುದಕ್ಕೂ ಮಿನುಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪ್ರತಿ ಕಿಡಿಯ ನಂತರ ಕ್ರ್ಯಾಂಕ್ ಚೂರು ವೇಗ ಪಡೆಯಬೇಕು. ಯಾವ ಸಿಲಿಂಡರ್ ಸರದಿಯಲ್ಲಿ ಅದು ಆಗಲಿಲ್ಲ, ಅಂದರೆ ಮಿಸ್ಸಿಂಗ್ ಆಯಿತು, ಎಂದು ಇಸಿಎಂ ಹಲ್ಲಿನ ಚಕ್ರದ ಸಿಗ್ನಲ್‌ನಿಂದಲೇ ಕಂಡುಹಿಡಿಯುತ್ತದೆ. ಮಿನುಗುತ್ತಿದೆ ಎಂದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದರ್ಥ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಬಹುದು, ಅದರ ಬೆಲೆ ಕಾಯಿಲ್‌ಗಿಂತ ಎಷ್ಟೋ ಪಟ್ಟು. ಲೈಟ್ ಮಿನುಗಿದ ಕೂಡಲೇ ಕಾಲು ಸಡಿಲಿಸಿ, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ.

ಮಳೆಯಲ್ಲಿ ಮಾತ್ರ ಬರುವ ಮಿಸ್ಸಿಂಗ್‌ಗೆ ಸಾಮಾನ್ಯ ಕಾರಣ ಕಾಯಿಲ್‌ನ ರಬ್ಬರ್ ಬೂಟಿನಲ್ಲಿ ಸಣ್ಣ ಬಿರುಕು. ತೇವ ಇದ್ದಾಗ ಕರೆಂಟ್ ಪ್ಲಗ್ಗಿನ ಸಂದಿ ದಾಟುವ ಬದಲು ಆ ಬಿರುಕಿನಿಂದ ಎಂಜಿನ್ ಹೆಡ್‌ಗೆ ಹಾರುತ್ತದೆ. ಬಿಚ್ಚಿ ನೋಡಿದರೆ ರಬ್ಬರ್ ಮೇಲೆ ಸಣ್ಣ ಗೆರೆಯಂತೆ ಸುಟ್ಟ ಗುರುತು ಕಾಣುತ್ತದೆ. ಸ್ಕ್ಯಾನರ್ ಪಿ0302 ಎಂಬ ದೋಷದ ಕೋಡ್ ತೋರಿಸಿದರೆ ಮಿಸ್ಸಿಂಗ್ ಎರಡನೇ ಸಿಲಿಂಡರ್‌ನಲ್ಲಿ ಎಂದರ್ಥ. ಗ್ಯಾರೇಜಿನವರು ಎಂಜಿನ್ ಆಫ್ ಮಾಡಿ ಎರಡನೇ ಮತ್ತು ಮೂರನೇ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ ನೋಡಲಿ. ಕೋಡ್ ಪಿ0303ಕ್ಕೆ ಹೋದರೆ ದೋಷ ಆ ಕಾಯಿಲ್‌ನದ್ದೇ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ನೋಡಬೇಕು. ನಾಲ್ಕೂ ಕಾಯಿಲ್ ಒಟ್ಟಿಗೆ ಬದಲಿಸಿ ಎನ್ನುವವರಿಗೆ ಈ ಪರೀಕ್ಷೆ ಮಾಡಲು ಹೇಳಿ.

ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರ್ ಕಿತ್ತು ಕಿಡಿ ನೋಡುವ ಹಳೆಯ ಅಭ್ಯಾಸ ಈಗಿನ ಕಾರಿನಲ್ಲಿ ಬೇಡವೇ ಬೇಡ. ಜೋರಾಗಿ ಶಾಕ್ ಹೊಡೆಯುತ್ತದೆ, ದಾರಿ ಸಿಗದ ವೋಲ್ಟೇಜ್ ಕಾಯಿಲನ್ನೋ ಅದನ್ನು ನಡೆಸುವ ಸರ್ಕ್ಯೂಟನ್ನೋ ಸುಡಬಹುದು.

ಪ್ರಶ್ನೆ: ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದೆ. ಪೆಟ್ರೋಲ್‌ನಲ್ಲಿ ಚೆನ್ನಾಗಿದೆ, ಗ್ಯಾಸ್‌ಗೆ ಹಾಕಿದರೆ ಪಿಕಪ್ ಇಲ್ಲ, ಆಗಾಗ ಮಿಸ್ಸಿಂಗ್. ಕಿಟ್ ಕೆಟ್ಟದ್ದಾ?
— ಓದುಗರು, ಬೆಳಗಾವಿ

ಉತ್ತರ: ಕಿಟ್ಟನ್ನು ಬೈಯುವ ಮುಂಚೆ ಪ್ಲಗ್ ಬಿಚ್ಚಿ ನೋಡಿ. ಗ್ಯಾಸ್‌ನಲ್ಲಿ ಕಿಡಿ ಹಾರಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲ್‌ನಲ್ಲಿ ಹೇಗೋ ಕೆಲಸ ಮಾಡುತ್ತಿದ್ದ ಸವೆದ ಪ್ಲಗ್, ಸೊರಗಿದ ಕಾಯಿಲ್ ಗ್ಯಾಸ್‌ಗೆ ಬಂದಾಗ ಸಿಕ್ಕಿಬೀಳುತ್ತವೆ. ಹೊಸ ಪ್ಲಗ್ ಹಾಕಿ ಸಂದಿಯನ್ನು ಕಿಟ್‌ನವರು ಹೇಳಿದಷ್ಟಕ್ಕೆ ಕಿರಿದು ಮಾಡಿಸಿ.

ಪಿಕಪ್ ವಿಷಯ ಬೇರೆ. ಸಿಎನ್‌ಜಿ ಅಂದರೆ ಹೆಚ್ಚಾಗಿ ಮಿಥೇನ್, ಅದು ಪೆಟ್ರೋಲ್‌ಗಿಂತ ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಕಿಡಿ ಇನ್ನೂ ಮುಂಚೆ ಬೀಳಬೇಕು. ಕಂಪನಿಯಿಂದಲೇ ಬರುವ ಸಿಎನ್‌ಜಿ ಕಾರಿನಲ್ಲಿ ಗ್ಯಾಸ್‌ಗೆ ಬೇರೆಯದೇ ಮ್ಯಾಪ್ ಇರುತ್ತದೆ. ಹೊರಗೆ ಹಾಕಿಸಿದ ಕಿಟ್‌ನಲ್ಲಿ ಈ ಕೆಲಸಕ್ಕೆ ಅಡ್ವಾನ್ಸರ್ ಎಂಬ ಸಣ್ಣ ಪೆಟ್ಟಿಗೆ ಬೇಕಾಗುತ್ತದೆ. ಅದು ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ಲನ್ನು ಕೆಲವು ಡಿಗ್ರಿ ಮುಂದಕ್ಕೆ ತಳ್ಳಿ ಇಸಿಎಂಗೆ ಕೊಡುತ್ತದೆ. ನಿಮ್ಮ ಗಾಡಿಗೆ ಅದನ್ನು ಹಾಕಿದ್ದಾರೆಯೇ ಕೇಳಿ, ಖರ್ಚು ಉಳಿಸಲು ಬಿಟ್ಟಿರುವ ಸಾಧ್ಯತೆ ಇದೆ. ಹಾಕಿದ್ದರೆ ಪೆಟ್ರೋಲ್‌ಗೆ ಬದಲಿಸಿದ ಕೂಡಲೇ ಅದು ಆಫ್ ಆಗುತ್ತಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಪೆಟ್ರೋಲ್‌ನಲ್ಲಿ ನಾಕಿಂಗ್ ಶುರುವಾಗುತ್ತದೆ. ಎಲ್ಲ ಸರಿ ಮಾಡಿದ ಮೇಲೂ ಗ್ಯಾಸ್‌ನಲ್ಲಿ ಪಿಕಪ್ ಸ್ವಲ್ಪ ಕಡಿಮೆಯೇ ಇರುತ್ತದೆ. ಗ್ಯಾಸ್ ಸಿಲಿಂಡರ್ ಒಳಗೆ ಗಾಳಿಯ ಜಾಗವನ್ನೇ ಒಂದಷ್ಟು ತಿನ್ನುತ್ತದೆ, ಅದು ಯಾವ ಟೈಮಿಂಗ್‌ನಿಂದಲೂ ಸರಿಹೋಗಲ್ಲ.